ಎಚ್ಚರಪ್ಪನವರ ಕಂದು ಹೆಬ್ಬೆಟ್ಟು

ನಮ್ಮ ನೋಂದಣಿ ಕಚೇರಿಯ ಮೂರನೆಯ ಮೇಜಿನ ಗುಮಾಸ್ತರಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಬಳಕೆಯಲ್ಲಿದೆ. ಉಳಿದ ಎಲ್ಲ ಕಡೆ ಅವರು ಎಚ್ಚರಪ್ಪನವರು. ಇಪ್ಪತ್ತಾರು ವರ್ಷಗಳಿಂದ, ಮನೆ ಮಾರುವವರು, ಕೊಳ್ಳುವವರು, ಭಾಗ ಮಾಡಿಕೊಳ್ಳುವವರು, ಯಾರೇ ಬಂದು ಆ ಮೇಜಿನ ಮುಂದೆ ನಿಂತರೂ ಅವರು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಕೇಳುವ ಪ್ರಶ್ನೆ ಒಂದೇ: "ಪೂರ್ತಿ ಎಚ್ಚರದಲ್ಲಿದ್ದು, ಯಾರ ಬಲವಂತವೂ ಇಲ್ಲದೆ ಸಹಿ ಹಾಕ್ತಿದೀರಾ?" ಹೌದು ಎಂದು ಬಾಯಿಬಿಟ್ಟು ಹೇಳಬೇಕು. ತಲೆಯಾಡಿಸಿದರೆ ಸಾಲದು. ಒಮ್ಮೆ ಒಬ್ಬರು ಹಿರಿಯರು ಆಕಳಿಸುತ್ತ ಹೌದು ಅಂದದ್ದಕ್ಕೆ ಅವರನ್ನು ಹೊರಗೆ ಕಳಿಸಿ, ಮುಖ ತೊಳೆಸಿ, ಮತ್ತೆ ಕರೆದು ಕೇಳಿದ್ದರು.

ನಾನು ಅದೇ ಕಚೇರಿಯ ಮೆಟ್ಟಿಲ ಪಕ್ಕದಲ್ಲಿ ಮೇಜು ಹಾಕಿಕೊಂಡು ಕೂರುವ ಪತ್ರ ಬರಹಗಾರ. ನನ್ನ ಮನೆ ಅವರ ಮನೆಯ ಎದುರಿಗೇ ಇದೆ. ಮುಂದೆ ಹೇಳುವುದರಲ್ಲಿ ಕೆಲವನ್ನು ಕಣ್ಣಾರೆ ಕಂಡಿದ್ದೇನೆ, ಕೆಲವನ್ನು ನಂಬಬಹುದಾದವರ ಬಾಯಿಂದ ಕೇಳಿದ್ದೇನೆ. ನಾನಾಗಿ ಸೇರಿಸಿದ್ದು ಏನೂ ಇಲ್ಲ. ಇದರಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಬಚ್ಚಿಟ್ಟಿಲ್ಲ.

ಎಚ್ಚರಪ್ಪನವರಿಗೆ ಬದುಕಿನಲ್ಲಿ ಇದ್ದದ್ದು ಒಂದೇ ಒಂದು ಜಂಬ. ಅದು ಹಲ್ಲಿನದು. ಕಚೇರಿಯಲ್ಲಿ ಯಾರಾದರೂ ಕೆನ್ನೆ ಹಿಡಿದುಕೊಂಡು ಕೂತರೆ ಸಾಕು, ಇವರು ಕುರ್ಚಿ ಎಳೆದುಕೊಂಡು ಹತ್ತಿರ ಹೋಗುತ್ತಿದ್ದರು. "ನೋಡಿ, ನನಗೆ ಐವತ್ತೆರಡು. ಮೂವತ್ತೆರಡೂ ಸ್ವಂತದ್ದು. ಒಂದಕ್ಕೂ ಡಾಕ್ಟರ ಕೈ ತಗುಲಿಲ್ಲ," ಅನ್ನುತ್ತಿದ್ದರು. ಕೇಳುವವರ ನೋವು ಇದರಿಂದ ಕಡಿಮೆಯಾಗುತ್ತಿರಲಿಲ್ಲ. ನಮ್ಮ ಸಬ್‌ರಿಜಿಸ್ಟ್ರಾರ್ ಸಾಹೇಬರು ತಾವೇ ಕೆಳಗಿನ ಸಾಲಿನ ಹಲ್ಲು ಕಟ್ಟಿಸಿಕೊಂಡ ವಾರದಲ್ಲಿ ಈ ಮಾತನ್ನು ಮೂರು ಸಲ ಕೇಳಿ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು.

ಹೀಗಿರುವಾಗ ಆ ಮೂವತ್ತೆರಡರಲ್ಲಿ ಎರಡು, ದವಡೆಯ ಕೊನೆಯಲ್ಲಿ ಮೂಳೆಯ ಒಳಗೇ ಅಡ್ಡ ಮಲಗಿಕೊಂಡು, ಇಷ್ಟು ವರ್ಷದ ಮೇಲೆ ಬಾವು ತರಿಸಿದವು. ಎಚ್ಚರಪ್ಪನವರು ಎರಡು ತಿಂಗಳು ಲವಂಗ ಕಚ್ಚಿಕೊಂಡು, ಒಂದೇ ಮಗ್ಗುಲಲ್ಲಿ ಅಗಿಯುತ್ತ, ಯಾರಿಗೂ ಹೇಳದೆ ದಿನ ತಳ್ಳಿದರು. ಕೊನೆಗೆ ತಡೆಯಲಾರದೆ ಊರಿನ ಇನ್ನೊಂದು ತುದಿಯ ದಂತ ಚಿಕಿತ್ಸಾಲಯಕ್ಕೆ ಕದ್ದು ಹೋಗಿ ತೋರಿಸಿಕೊಂಡರು. ನಿದ್ದೆಯ ಔಷಧ ಕೊಟ್ಟು, ಮೂಳೆ ಕೊರೆದು ತೆಗೆಯಬೇಕು ಎಂದಾಯಿತು. ಹೆಂಡತಿಗೆ "ತರಬೇತಿ ಇದೆ" ಎಂದರು. ಕಚೇರಿಯ ರಜೆ ಅರ್ಜಿಯಲ್ಲಿ "ತುರ್ತು ಖಾಸಗಿ ಕೆಲಸ" ಎಂದು ಬರೆದರು. ಎರಡು ಕಡೆ ಎರಡು ಥರ ಬರೆಯಬಾರದೆಂದು ಬೇರೆಯವರಿಗೆ ಇಪ್ಪತ್ತಾರು ವರ್ಷ ಹೇಳಿದವರು ಅವರೇ.

ಚಿಕಿತ್ಸಾಲಯದವರು ಒಂದು ನಮೂನೆ ಕೊಟ್ಟರು. ಅದರಲ್ಲಿ 'ಜೊತೆಗೆ ಬಂದು ಮನೆಗೆ ಕರೆದೊಯ್ಯುವವರ ಸಂಬಂಧ ಮತ್ತು ಫೋನ್ ನಂಬರ್' ಎಂಬ ಒಂದು ಕಾಲಂ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಡ್ಡಗೆರೆ ಎಳೆಯುತ್ತಿದ್ದರು. ಖಾಲಿ ಬಿಟ್ಟ ಒಂದು ಕಾಲಂನಿಂದ ಎಂತೆಂಥ ಮನೆ ಮುರಿದಿವೆ ಎಂಬುದನ್ನು ಕಂಡವರಿಗೆ ಅದು ಸಾಧ್ಯವಿಲ್ಲ. ಹೆಂಡತಿಯ ನಂಬರ್ ಬರೆದರೆ ಗುಟ್ಟು ರಟ್ಟಾಗುತ್ತದೆ. ಬಾಯಿಪಾಠವಾಗಿದ್ದ ಇನ್ನೊಂದು ನಂಬರ್ ಒಂದೇ, ಎಷ್ಟೋ ವರ್ಷದಿಂದ ಬದಲಾಗದ ಒಂದು ಟೈಲರ್ ಅಂಗಡಿಯದು. 'ಸಂಬಂಧ' ಎಂಬಲ್ಲಿ "ಅಣ್ಣ" ಎಂದು ಬರೆದರು. "ಹಿಂದೇನೇ ಬರ್ತಿದಾರೆ" ಎಂದು ನರ್ಸಿಗೆ ಹೇಳಿದರು. ಕೈಗೆ ಸೂಜಿ ಚುಚ್ಚಿದರು. ಎಚ್ಚರಪ್ಪನವರ ಎಚ್ಚರ ಅಲ್ಲಿಗೆ ತಪ್ಪಿತು.

ಅಣ್ಣ ಹಿಂದೆ ಬರುವ ಪ್ರಶ್ನೆಯೇ ಇರಲಿಲ್ಲ. ಅಣ್ಣ ತಮ್ಮ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕು. ಟೈಲರಣ್ಣ ಎಂದು ಇಡೀ ಬೀದಿ ಕರೆಯುವ ಅಣ್ಣನಿಗೂ ಎಚ್ಚರಪ್ಪನವರಿಗೂ ಇದ್ದದ್ದು ಒಂದೇ ಮನೆ. ಅದನ್ನು ಜಗಳವಿಲ್ಲದೆ, ನಗುನಗುತ್ತ ಎರಡು ಭಾಗ ಮಾಡಿಕೊಂಡರು. ಎರಡು ಭಾಗಗಳ ನಡುವೆ ಒಂದು ಬಾಗಿಲು. ಅದು ಯಾವಾಗಲೂ ತೆರೆದೇ ಇರಲಿ ಎಂದು ಮಾತಾಡಿಕೊಂಡರು. ಭಾಗಪತ್ರ ಬರೆದವನು ನಾನೇ. ನೋಂದಣಿಯ ದಿನ ಅಣ್ಣ ಹೊಸ ಅಂಗಿ ಹೊಲಿದು ಹಾಕಿಕೊಂಡು, ತಮ್ಮನಿಗೂ ಒಂದು ಹೊಲಿದು ತಂದಿದ್ದರು. ಸರದಿ ಬಂದಾಗ ಎಚ್ಚರಪ್ಪನವರು ಕನ್ನಡಕ ಜಾರಿಸಿ, ಊರಿನವರನ್ನೆಲ್ಲ ಕೇಳುವ ಅದೇ ದನಿಯಲ್ಲಿ, ಪೂರ್ತಿ ಎಚ್ಚರದಲ್ಲಿದ್ದೀರಾ ಎಂದು ಅಣ್ಣನನ್ನು ಕೇಳಿದರು. ಅಣ್ಣ ನಕ್ಕು "ಹೌದಪ್ಪ" ಎಂದರು. ಆಮೇಲೆ ಎಚ್ಚರಪ್ಪನವರು ತಲೆ ಎತ್ತದೆ, "ಇವರು ಇವರೇ ಅಂತ ಗುರುತಿಸೋಕೆ ಇಬ್ಬರು ಸಾಕ್ಷಿ ಬೇಕು," ಎಂದರು.

"ನಾನು ಯಾರು ಅಂತ ನಿನಗೆ ಗೊತ್ತಿಲ್ವೇನೋ?" ಎಂದರು ಅಣ್ಣ.

"ನನಗೆ ಗೊತ್ತಿರೋದು ಬೇರೆ, ಕಚೇರಿಗೆ ಗೊತ್ತಿರೋದು ಬೇರೆ. ಸಾಕ್ಷಿ ಕರೀರಿ," ಎಂದರು ತಮ್ಮ.

ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ನಾನೂ, ಆಗಿನ್ನೂ ಗುಮಾಸ್ತರಾಗಿದ್ದ ನಮ್ಮ ಸಾಹೇಬರೂ ಮುಂದೆ ಬಂದು, ಈ ಮನುಷ್ಯನನ್ನು ನಾವು ಬಲ್ಲೆವು, ಇವರೇ ಈ ಗುಮಾಸ್ತರ ಅಣ್ಣ ಎಂದು ಸಹಿ ಹಾಕಿದೆವು. ನಾವು ಸಹಿ ಹಾಕುವವರೆಗೆ ಅಣ್ಣ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು. ತಮ್ಮನನ್ನು ಬೆನ್ನ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದವರು ಅವರು. ಆ ಸಂಜೆ ನಡುಬಾಗಿಲಿಗೆ ಆಚೆ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿತು. ಮೂರು ಮೊಳೆ. ಅದಕ್ಕೆ ಉತ್ತರವಾಗಿ ಎಚ್ಚರಪ್ಪನವರು ಈಚೆ ಕಡೆಯಿಂದ ನಾಲ್ಕು ಹೊಡೆದು, ಮೇಲೊಂದು ಕಬ್ಬಿಣದ ಬೀರು ತಂದು ನಿಲ್ಲಿಸಿದರು. ಲೆಕ್ಕದಲ್ಲಿ ತಮ್ಮ ಒಂದು ಮೊಳೆ ಮುಂದಿದ್ದರು.

ಚಿಕಿತ್ಸಾಲಯದಿಂದ ಫೋನ್ ಬಂದಾಗ ಟೈಲರಣ್ಣ ಒಬ್ಬ ಗಿರಾಕಿಯ ತೋಳಿನ ಅಳತೆ ತೆಗೆಯುತ್ತಿದ್ದರು. "ನಿಮ್ಮ ತಮ್ಮ ಇಲ್ಲಿದಾರೆ, ಬಂದು ಕರ್ಕೊಂಡು ಹೋಗಿ" ಎಂದಿತು ಆ ಕಡೆಯ ದನಿ. "ನನಗೆ ತಮ್ಮ ಅಂತ ಯಾರೂ ಇಲ್ಲ" ಎಂದು ಇವರು ಕಡ್ಡಿ ಮುರಿದಂತೆ ಹೇಳಿದರು. ಒಂದು ಕ್ಷಣ ಬಿಟ್ಟು, "ಏನಾಗಿದೆ ಅವನಿಗೆ?" ಎಂದರು. ಉತ್ತರ ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಗಿರಾಕಿಯ ಒಂದು ತೋಳಿನ ಅಳತೆ ಪುಸ್ತಕದಲ್ಲಿ ಇವತ್ತಿಗೂ ಬಾಕಿ ಇದೆ.

ಮಧ್ಯಾಹ್ನ ಎರಡು ಗಂಟೆಗೆ ಬಾಡಿಗೆ ಕಾರೊಂದು ನಮ್ಮ ಬೀದಿಗೆ ಬಂದು ನಿಂತಿತು. ಅದರಿಂದ, ಕೊರಳಲ್ಲಿ ಅಳತೆ ಟೇಪು ತೂಗಾಡಿಸಿಕೊಂಡೇ ಟೈಲರಣ್ಣ ಇಳಿದರು. ಅವರ ಹೆಗಲಿಗೆ ಜೋತುಬಿದ್ದು ಎಚ್ಚರಪ್ಪನವರು ಇಳಿದರು. ಎರಡೂ ಕೆನ್ನೆ ಊದಿ, ತುಟಿಯ ಅಂಚಿನಿಂದ ಹತ್ತಿ ಇಣುಕುತ್ತಿತ್ತು. ಅಣ್ಣ ತಮ್ಮ ಹೀಗೆ ತಬ್ಬಿಕೊಂಡು ಬರುವುದನ್ನು ಕಂಡು ಬೀದಿಯ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಎಚ್ಚರಪ್ಪನವರು ಹತ್ತಿರ ಬಂದ ತರಕಾರಿ ಗಾಡಿಯವನನ್ನು ತಡೆದು, ತೊದಲುತ್ತ, ಪೂರ್ತಿ ಎಚ್ಚರದಲ್ಲಿದ್ದೀಯಾ ಎಂದು ಕೇಳಿದರು. ಇದ್ದೇನೆ ಎಂದು ಅವನು ಹೇಳಿದ ಮೇಲೆಯೇ ಮುಂದೆ ನಡೆದರು.

ಹೆಂಡತಿ ಹೊರಗೆ ಓಡಿಬಂದರು. "ಅಯ್ಯೋ ದೇವ್ರೇ! ಲಕ್ವಾ ಹೊಡೀತಾ? ತರಬೇತಿಗೆ ಅಂತ ಹೋದವರಿಗೆ ಏನು ಮಾಡಿಬಿಟ್ರು?"

"ಲಕ್ವಾ ಅಲ್ಲಮ್ಮ, ಹಲ್ಲು. ಎರಡು ಕಿತ್ತಿದಾರೆ," ಎಂದರು ಟೈಲರಣ್ಣ, ಒಂಬತ್ತು ವರ್ಷಗಳ ಮೇಲೆ ಆ ಹೊಸಿಲಿನ ಮುಂದೆ ನಿಂತು.

"ಇವರ ಹಲ್ಲಾ?" ಎಂದರು ಆಕೆ. ಲಕ್ವಾ ಎಂದಿದ್ದರೆ ನಂಬುತ್ತಿದ್ದರೇನೋ.

ನಾನೂ ಕೈಜೋಡಿಸಿ ಒಳಗೆ ಮಲಗಿಸಿದೆವು. ಎರಡು ದಿಂಬು, ಕೆನ್ನೆಗೆ ಐಸಿನ ಚೀಲ. ಎಚ್ಚರಪ್ಪನವರು ಗೊರಕೆ ಹೊಡೆಯಲು ಶುರುಮಾಡಿದ ಮೇಲೆ ಟೈಲರಣ್ಣ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. "ಬರಹಗಾರ್ರೇ, ಇದು ನಡೆಯುತ್ತಾ, ನೋಡಿ ಹೇಳಿ."

ಅಂಥ ಪತ್ರವನ್ನು ನನ್ನ ವೃತ್ತಿಯಲ್ಲಿ ನಾನು ಕಂಡಿರಲಿಲ್ಲ. ಅದು ಚಿಕಿತ್ಸಾಲಯದವರು ಮನೆಗೆ ಕೊಟ್ಟುಕಳಿಸುವ ಸೂಚನೆಗಳ ಹಾಳೆ. ಅದರ ಹಿಂಬದಿಯಲ್ಲಿ ಟೈಲರಣ್ಣ, ತಮ್ಮ ಹೇಳಿದ್ದನ್ನು ಅಂಗಡಿಯ ಅಳತೆ ಪುಸ್ತಕದ ಶೈಲಿಯಲ್ಲೇ ಬರೆದುಕೊಂಡಿದ್ದರು:

"ಬಾಗಿಲು - 1. ಮೊಳೆ - 7 (ಅಣ್ಣನ ಕಡೆ 3, ನನ್ನ ಕಡೆ 4). ನನ್ನ ಕಡೆಯ ನಾಲ್ಕನ್ನೂ ನಾನೇ ಕೀಳತಕ್ಕದ್ದು. ಇನ್ನು ಮುಂದೆ ಚಿಲಕ - ಬೇಡ. ಕೊಡೆ - 1, ಬಾಗಿಲು ಕಾಯುವವರಿಗೆ. ಪೂರ್ತಿ ಎಚ್ಚರದಲ್ಲಿದ್ದು, ಯಾರ ಬಲವಂತವೂ ಇಲ್ಲದೆ ಹೇಳಿರುತ್ತೇನೆ."

ಕೆಳಗೆ ಕಂದು ಬಣ್ಣದ ಹೆಬ್ಬೆಟ್ಟಿನ ಗುರುತು. ಮಸಿ ಪ್ಯಾಡು ಇಲ್ಲವೆಂದಾಗ ಎಚ್ಚರಪ್ಪನವರು ಡಾಕ್ಟರ ತಟ್ಟೆಯಲ್ಲಿದ್ದ ಗಾಯದ ಔಷಧದಲ್ಲೇ ಬೆರಳು ಅದ್ದಿದ್ದರಂತೆ. ಸಾಕ್ಷಿ ಒಂದು, ನರ್ಸು. ಸಾಕ್ಷಿ ಎರಡು, ಚಿಕಿತ್ಸಾಲಯದ ಕಾವಲುಗಾರ. ಆತ ಕೊಡೆಯನ್ನು ಸಂತೋಷದಿಂದ ಸ್ವೀಕರಿಸಿದ್ದೇನೆ ಎಂದೂ ಬರೆದಿದ್ದ.

"ಪ್ರಶ್ನೆ ಕೇಳಿದ್ರಾ? ಎಚ್ಚರದಲ್ಲಿದ್ದೀರಾ ಅಂತ?" ಎಂದೆ.

"ಅವನೇ ಕೇಳ್ಕೊಂಡ, ಅವನೇ ಹೌದು ಅಂದ. ಎರಡು ಸಲ," ಎಂದರು ಟೈಲರಣ್ಣ. ಅವರ ಇನ್ನೊಂದು ಜೇಬಿನಿಂದ ಮೊಳೆ ಕೀಳುವ ಸುತ್ತಿಗೆಯ ಹಿಡಿ ಇಣುಕುತ್ತಿತ್ತು. ಬರುವ ದಾರಿಯಲ್ಲಿ ಕಾರು ನಿಲ್ಲಿಸಿ ಹೊಸದಾಗಿ ಕೊಂಡದ್ದು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ಹಾಳೆಯನ್ನು ತಿರುಗಿಸಿದೆ. ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ನಿದ್ದೆಯ ಔಷಧ ಕೊಟ್ಟ ಇಪ್ಪತ್ತನಾಲ್ಕು ಗಂಟೆಯವರೆಗೆ ವಾಹನ ಓಡಿಸಬಾರದು, ಮುಖ್ಯವಾದ ತೀರ್ಮಾನ ತೆಗೆದುಕೊಳ್ಳಬಾರದು, ಯಾವುದೇ ಕಾಗದಪತ್ರಕ್ಕೆ ಸಹಿ ಹಾಕಬಾರದು. ಔಷಧ ಕೊಟ್ಟ ಸಮಯ: ಬೆಳಿಗ್ಗೆ 11-40.

ಮುಂಭಾಗ ಹಿಂಭಾಗವನ್ನು ತಿಂದುಹಾಕಿತ್ತು. ಅದನ್ನು ಟೈಲರಣ್ಣನ ಮುಖ ನೋಡಿ ಹೇಳಲು ನನಗೆ ಬಾಯಿ ಬರಲಿಲ್ಲ. "ಅವರು ಏಳಲಿ," ಎಂದೆ.

ನಾಲ್ಕು ಗಂಟೆಗೆ ಎಚ್ಚರಪ್ಪನವರು ಎದ್ದರು. ಮೊದಲು ಐಸಿನ ಚೀಲ ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು, ಗುಟ್ಟು ಬಯಲಾಯಿತೆಂದು ತಿಳಿದು ಕಣ್ಣು ಮುಚ್ಚಿದರು. ಮತ್ತೆ ತೆರೆದಾಗ ಅಣ್ಣ ಮಂಚದ ಕಾಲ್ದೆಸೆಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದರು. ಹೆದರಿ ಗೋಡೆಗೆ ಸರಿದರು.

"ಏಳೋ. ಶುರು ಮಾಡೋಣ," ಎಂದರು ಅಣ್ಣ. ದನಿಯಲ್ಲಿ ಹಬ್ಬವೇ ಇತ್ತು.

"ಏನು ಶುಉ ಆಡೋದು?" ಎಂದರು ತಮ್ಮ, ಊದಿದ ಬಾಯಲ್ಲಿ.

ಹಾಳೆ ಕೊಟ್ಟೆವು. ಹಿಂಭಾಗ ಓದಿದರು. ತಮ್ಮ ಹೆಬ್ಬೆಟ್ಟನ್ನು ನೋಡಿಕೊಂಡರು. ಅದು ಕಂದಾಗಿಯೇ ಇತ್ತು. ಒರೆಸಿದರು, ಹೋಗಲಿಲ್ಲ. ಮುಂಭಾಗ ಓದಿದರು. ಅವರ ಬೆನ್ನು ನೆಟ್ಟಗಾಯಿತು. ಕೈಸನ್ನೆ ಮಾಡಿ ಪೆನ್ನು ತರಿಸಿಕೊಂಡು, ಬೇರೊಂದು ಚೀಟಿಯಲ್ಲಿ ಬರೆದರು: "ಅಸಿಂಧು. ನನಗೆ ಏನೂ ನೆನಪಿಲ್ಲ. ಎಚ್ಚರವಿಲ್ಲದೆ ಆಡಿದ ಮಾತು ನನ್ನ ಮಾತಲ್ಲ." ಸಹಿ ಹಾಕಲು ಹೋಗಿ, ಸಹಿ ಹಾಕಬಾರದೆಂಬುದು ನೆನಪಾಗಿ ಪೆನ್ನು ಕೆಳಗಿಟ್ಟರು.

ಟೈಲರಣ್ಣ ಆ ಚೀಟಿಯನ್ನು ಎರಡು ಸಲ ಓದಿದರು. ಒಂಬತ್ತು ವರ್ಷದ ಹಿಂದೆ ಮೂರನೆಯ ಮೇಜಿನ ಮುಂದೆ ನಿಂತು ನೋಡಿದ ಹಾಗೆಯೇ ಗೋಡೆಯ ಗಡಿಯಾರವನ್ನು ನೋಡತೊಡಗಿದರು.

"ರೀ, ಕೊಡೆ ಹೋಗಿದೆಯಲ್ರೀ! ಕೊಡೆ ಹೋಗಿದ್ದು ನಿಜ ಅಂದ ಮೇಲೆ ಬಾಗಿಲೂ ನಿಜ ತಾನೇ?" ಎಂದು ಹೆಂಡತಿ ವಾದಿಸಿದರು. ಆಕೆಗೆ ಆ ಬೀರುವಿನ ಹಿಂದೆ ಗುಡಿಸಲಾಗದೆ ಒಂಬತ್ತು ವರ್ಷದ ಕಸ ಸೇರಿರುವ ಸಂಕಟವಿತ್ತು. ಎಚ್ಚರಪ್ಪನವರು ತಲೆ ಅಲ್ಲಾಡಿಸಿದರು.

ಇಷ್ಟರಲ್ಲಿ ಸಾಹೇಬರು ಬಂದರು. ಏನು ತರಬೇತಿ ಕೊಟ್ಟು ಕಳಿಸಿದಿರಿ ಎಂದು ಮಧ್ಯಾಹ್ನವೇ ಈ ಮನೆಯಿಂದ ಅವರಿಗೆ ಫೋನ್ ಹೋಗಿತ್ತು. ಅವರು ಒಂದು ಚೀಲ ಸೇಬು ತಂದಿದ್ದರು. ಎರಡು ಹಲ್ಲು ಕಿತ್ತಿಸಿಕೊಂಡವರಿಗೆ ಸೇಬು ತರುವುದರಲ್ಲಿ ದುರುದ್ದೇಶವಿತ್ತೆಂದು ನಾನು ಹೇಳಲಾರೆ. ಆದರೆ ಮಂಚದ ಪಕ್ಕ ಕೂತ ಕೂಡಲೇ ಅವರು ಬಹಳ ಗಂಭೀರವಾಗಿ, "ಹಾಗಾದ್ರೆ ಇನ್ನು ಸ್ವಂತದ್ದು ಎಷ್ಟು ಉಳಿದ್ವು?" ಎಂದು ಕೇಳಿದರು. ಎಚ್ಚರಪ್ಪನವರು ಗೋಡೆಯ ಕಡೆ ತಿರುಗಿಕೊಂಡರು.

ಹಾಳೆ ಸಾಹೇಬರ ಕೈಗೆ ಹೋಯಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ತಿರುಗಿಸಿದರು. "ಮುಂಭಾಗ ನಡೆಯಲ್ಲ ಅಂತದೆ. ಹಿಂಭಾಗ ನಡೆಯುತ್ತೆ ಅಂತದೆ. ಇರೋದು ಒಂದೇ ಹಾಳೆ. ಇದು ಭಾರಿ ಸೂಕ್ಷ್ಮ," ಎಂದು ನಿಟ್ಟುಸಿರು ಬಿಟ್ಟರು. "ಒಂದೇ ದಾರಿ. ನಾಳೆ ಹನ್ನೊಂದು ನಲವತ್ತಕ್ಕೆ ಗಡುವು ಮುಗಿಯುತ್ತೆ. ಆಗ ಇವರನ್ನೇ ಮತ್ತೆ ಕೇಳೋದು. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ."

ಟೈಲರಣ್ಣ ಸುತ್ತಿಗೆಯನ್ನು ಜೇಬಿಗೆ ಸೇರಿಸಿದರು. "ಸರಿ ಸಾಹೇಬ್ರೇ. ನಾಳೆ ಅದೇ ಹೊತ್ತಿಗೆ ನಾನೂ ಗಾರೆಯವನನ್ನ ಕರೆಸ್ತೀನಿ. ಇವನು ಇಲ್ಲ ಅಂದ್ರೆ ಬಾಗಿಲು ಕಿತ್ತು ಇಟ್ಟಿಗೆ ಕಟ್ಟಿಸ್ತೀನಿ. ಬಾಗಿಲು ಅಂತ ಒಂದಿದ್ರೆ ತಾನೇ ಮನಸ್ಸು ಅದರ ಕಡೆ ಹೋಗೋದು? ಗೋಡೆ ಆದ್ರೆ ನೆಮ್ಮದಿ," ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದರು. ಅವರು ಹೇಳಿದ್ದನ್ನು ಮಾಡುವವರೆಂದು ನಮಗೆಲ್ಲ ಗೊತ್ತಿತ್ತು. ಮೊಳೆಯನ್ನಾದರೆ ಯಾವತ್ತೋ ಒಂದು ದಿನ ಕೀಳಬಹುದು.

ಮರುದಿನ ಹತ್ತು ಗಂಟೆಗೇ ಟೈಲರಣ್ಣನ ಮನೆಯ ಮುಂದೆ ಇಟ್ಟಿಗೆ ಬಂದು ಬಿದ್ದವು. ಗಾರೆಯವನು ಬಂದು ತಟ್ಟೆ, ಕರಣೆ ಇಟ್ಟುಕೊಂಡು ಬಿಸಿಲಿಗೆ ಕೂತ. ಬೀದಿಯವರು ಕೆಲಸವಿದ್ದವರೂ ಇಲ್ಲದವರೂ ಆ ಕಡೆ ಈ ಕಡೆ ಓಡಾಡತೊಡಗಿದರು. ಸಾಹೇಬರು ಕಚೇರಿಯಿಂದ ಒಂದು ಗಂಟೆ ಅನುಮತಿ ಪಡೆದು ಬಂದರು. ಅನುಮತಿ ಕೊಡುವವರೂ ಅವರೇ. ನಡುಬಾಗಿಲಿದ್ದ ಕೋಣೆಯಲ್ಲಿ ನಾವೆಲ್ಲ ಬೀರುವಿನ ಎದುರು ಕುರ್ಚಿ ಹಾಕಿ ಕೂತೆವು. ಎಚ್ಚರಪ್ಪನವರ ಮಾತು ಅಷ್ಟಿಷ್ಟು ಸರಿಯಾಗಿತ್ತು, ಕೆನ್ನೆ ಮಾತ್ರ ಹಾಗೆಯೇ ಇತ್ತು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಡಿಲಲ್ಲಿ ಹಾಳೆ ಇಟ್ಟುಕೊಂಡು, ಕಂದು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದರು.

"ನಾನು ಇವತ್ತು ಇದನ್ನ ಒಪ್ಪಿದ್ರೆ, ಇಪ್ಪತ್ತಾರು ವರ್ಷ ನಾನು ಕೇಳಿದ ಪ್ರಶ್ನೆಗೆ ಏನು ಅರ್ಥ ಸಾಹೇಬ್ರೇ? ಕುಡಿದು ಬಂದೋರು, ಜ್ವರದಲ್ಲಿ ಬಂದೋರು, ಎಷ್ಟು ಜನರನ್ನ ವಾಪಸ್ ಕಳಿಸಿದೀನಿ! ಅವರಿಗೊಂದು ನ್ಯಾಯ, ನನಗೊಂದು ನ್ಯಾಯಾನಾ?" ಎಂದರು.

ಸಾಹೇಬರು ತಲೆದೂಗಿದರು. ಬೀರುವಿಗೆ ಒರಗಿ ನಿಂತಿದ್ದ ಟೈಲರಣ್ಣ ಕೈಗಡಿಯಾರ ನೋಡಿಕೊಂಡರು. ಹನ್ನೊಂದು ಮೂವತ್ತೈದು. "ಐದು ನಿಮಿಷ ಕಾಯೋದೇನಿದೆ? ಗೊತ್ತಾಯ್ತಲ್ಲ. ಗಾರೆಯವನನ್ನ ಒಳಗೆ ಕರೀಲಾ?" ಎಂದರು. ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನಾನು ಏನಾದರೂ ಹೇಳಬೇಕೆಂದುಕೊಂಡೆ. ಆದರೇನು, ಇಷ್ಟು ವರ್ಷ ಬೇರೆಯವರ ಮಾತನ್ನೇ ಬರೆದವನು ನಾನು.

ಆಗ ಎಚ್ಚರಪ್ಪನವರ ಫೋನ್ ಬಡಿದುಕೊಂಡಿತು. ಊದಿದ ಕೆನ್ನೆಗೆ ಫೋನ್ ಒತ್ತಿಕೊಳ್ಳಲಾಗದೆ ಅವರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಸ್ಟೂಲಿನ ಮೇಲಿಟ್ಟರು.

"ಸರ್, ನಿನ್ನೆ ಬಂದಿದ್ರಲ್ಲ, ಡೆಂಟಲ್ ಕ್ಲಿನಿಕ್‌ನಿಂದ ಸಿಸ್ಟರ್ ಮಾತಾಡ್ತಿರೋದು. ಇಪ್ಪತ್ನಾಲ್ಕು ಗಂಟೆ ಆಗ್ತಾ ಬಂತಲ್ಲ, ವಿಚಾರಿಸೋಣ ಅಂತ ಮಾಡಿದೆ. ರಕ್ತ ಏನಾದ್ರೂ ಬರ್ತಿದೆಯಾ? ಜ್ವರ?"

"ಇಲ್ಲ. ಇಲ್ಲ," ಎಂದರು ಎಚ್ಚರಪ್ಪನವರು, ಎರಡು ಪ್ರಶ್ನೆಗೆ ಎರಡು ಉತ್ತರ.

"ಒಳ್ಳೇದು ಸರ್. ನಿಮ್ಮ ಅಣ್ಣ ಹೇಗಿದಾರೆ? ನಿನ್ನೆ ಪಾಪ, ನಿಮಗಿಂತ ಅವರೇ ಜಾಸ್ತಿ ಅಳ್ತಿದ್ರು."

ಟೈಲರಣ್ಣ ಬೀರುವಿನಿಂದ ಬೆನ್ನು ಕಿತ್ತು ಮುಂದೆ ಬಂದರು. "ಸಿಸ್ಟರ್, ಅದೆಲ್ಲ ಈಗ ಯಾಕೆ? ಫೋನ್ ಇಡಿ ನೀವು."

"ಓ, ಅಲ್ಲೇ ಇದೀರಾ! ಯಾಕೆ ಸರ್, ಅವರಿಗೆ ಹೇಳಲಿಲ್ವಾ ನೀವು? ನಮ್ಮಲ್ಲಿ ಎಲ್ಲರಿಗೂ ಹೇಳಿ ಆಯ್ತು," ಎಂದು ನರ್ಸು ನಕ್ಕಳು. "ನಿದ್ದೆ ತಿಳೀತಾ ಇದ್ದ ಹಾಗೆ ನಾವು ಮೂರು ಪ್ರಶ್ನೆ ಕೇಳ್ತೀವಿ. ನಿಮ್ಮ ಹೆಸರೇನು ಅಂದೆ. 'ಅರ್ಜಿಯಲ್ಲಿದೆ, ನೋಡ್ಕೊಳಿ' ಅಂದ್ರು. ಹೆಸರು ನೆನಪೇ ಇರ್ಲಿಲ್ಲ ಅವರಿಗೆ. ಇವತ್ತು ಯಾವ ವಾರ ಅಂದೆ. 'ಕಚೇರಿ ಮುಚ್ಚಿದೆ, ನಾಳೆ ಬನ್ನಿ' ಅಂದ್ರು. ಕೊನೇದು, ಪಕ್ಕದಲ್ಲಿ ನಿಂತಿರೋರು ಯಾರು ಅಂದೆ. ಆಗಿನ್ನೂ ಕಣ್ಣು ಅರ್ಧ ಮುಚ್ಚಿತ್ತು. 'ನನ್ನಣ್ಣ. ಇದಕ್ಕೆ ಸಾಕ್ಷಿ ಬೇಡ' ಅಂದ್ರು. ಆಮೇಲೆ ಅಣ್ಣನ ಕೈ ಹಿಡ್ಕೊಂಡೋರು ಬಿಡ್ಲೇ ಇಲ್ಲ. ಬಿ.ಪಿ. ನೋಡೋಕೆ ಇನ್ನೊಂದು ಕೈಗೆ ಪಟ್ಟಿ ಕಟ್ಟಬೇಕಾಯ್ತು. ಸರಿ ಸರ್, ಇವತ್ತೂ ಬಿಸಿ ಏನೂ ತಗೋಬೇಡಿ."

ಫೋನ್ ಕಟ್ಟಾಯಿತು. ಟೈಲರಣ್ಣ ಅಳತೆ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದರು. ನಿನ್ನೆ ನಮಗೆ ಬಾಗಿಲು ಹೇಳಿದರು, ಮೊಳೆ ಹೇಳಿದರು, ಕೊಡೆಯನ್ನೂ ಹೇಳಿದರು. ಇದೊಂದನ್ನು ಮಾತ್ರ ತಮ್ಮಲ್ಲೇ ಇಟ್ಟುಕೊಂಡಿದ್ದರು. ನಾನು ನೆಲ ನೋಡಿದೆ. ಸಾಹೇಬರೂ ನೆಲ ನೋಡಿದರು. ಅಂದು ಸಹಿ ಹಾಕಿದ ಇಬ್ಬರೂ ನಾವೇ ಅಲ್ಲವೇ.

ಎಚ್ಚರಪ್ಪನವರು ಗೋಡೆಯ ಗಡಿಯಾರ ನೋಡಿದರು. ನಿಮಿಷದ ಮುಳ್ಳು ಎಂಟರ ಮೇಲೆ ಬರುವವರೆಗೂ ಕಾದರು. ನಿಯಮ ನಿಯಮವೇ. ಆಮೇಲೆ ಎದ್ದು ನಿಂತರು.

"ಅಣ್ಣ," ಎಂದರು. "ಕೇಳು."

"ಏನನ್ನ ಕೇಳಲಿ?"

"ನಾನು ಎಲ್ಲರನ್ನೂ ಕೇಳ್ತೀನಲ್ಲ, ಅದನ್ನ. ನನ್ನನ್ನ ಇಷ್ಟು ವರ್ಷ ಯಾರೂ ಕೇಳಿಲ್ಲ."

ಟೈಲರಣ್ಣನಿಗೆ ಆ ಪ್ರಶ್ನೆ ಅಕ್ಷರ ತಪ್ಪದಂತೆ ನೆನಪಿತ್ತು. ಒಂಬತ್ತು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡು ಕತ್ತರಿ ಆಡಿಸಿದವರು. "ಪೂರ್ತಿ ಎಚ್ಚರದಲ್ಲಿದ್ದು, ಯಾರ ಬಲವಂತವೂ ಇಲ್ಲದೆ..." ಎಂದು ಶುರುಮಾಡಿದರು.

"ಹೌದು," ಎಂದರು ಎಚ್ಚರಪ್ಪನವರು, ಬಾಯಿಬಿಟ್ಟು, ನೋವಾದರೂ. "ಬೀರು ಸರಿಸ್ರಪ್ಪ."

ಬೀರುವಿಗೆ ನಾನೂ ಸಾಹೇಬರೂ ಹೆಗಲು ಕೊಟ್ಟೆವು. ಅದು ಅಲುಗಲಿಲ್ಲ. ಕೊನೆಗೆ ಗೋಡೆ ಕಟ್ಟಲು ಬಂದಿದ್ದ ಗಾರೆಯವನನ್ನೇ ಒಳಗೆ ಕರೆದು ಸರಿಸಿದ್ದಾಯಿತು. ಟೈಲರಣ್ಣ ಬೀದಿಯಿಂದ ಸುತ್ತಿ ಬಳಸಿ ತಮ್ಮ ಮನೆಗೆ ಓಡಿದರು. ಸುತ್ತಿಗೆ ಅವರಲ್ಲೇ ಉಳಿದದ್ದರಿಂದ ಗಾರೆಯವನ ಹಾರೆಯ ತುದಿಯಿಂದ ಎಚ್ಚರಪ್ಪನವರು ತಮ್ಮ ಕಡೆಯ ನಾಲ್ಕು ಮೊಳೆಗಳನ್ನೂ ತಾವೇ ಕಿತ್ತರು. ನಾವು ಸಹಾಯಕ್ಕೆ ಹೋದರೆ, ಪತ್ರದಲ್ಲಿ "ನಾನೇ ಕೀಳತಕ್ಕದ್ದು" ಎಂದಿದೆ ಎಂದು ಬಿಡಲಿಲ್ಲ. ಪ್ರತಿ ಮೊಳೆಗೂ ಕೆನ್ನೆ ಹಿಡಿದುಕೊಂಡು ಒಮ್ಮೆ ಕೂರುತ್ತಿದ್ದರು. ಆ ಕಡೆಯ ಮೂರು ಆಗಲೇ ಕಿತ್ತು ಬಂದಿದ್ದವು. ಆ ಕಡೆ ಬಾಗಿಲಿಗೆ ಅಡ್ಡವಿದ್ದ ಬಟ್ಟೆಯ ರಾಶಿಯನ್ನು ಟೈಲರಣ್ಣನ ಹೆಂಡತಿ ನಿನ್ನೆ ಮಧ್ಯಾಹ್ನವೇ ಎತ್ತಿ, ಒರೆಸಿ, ಚೊಕ್ಕಟ ಮಾಡಿಟ್ಟಿದ್ದರೆಂದು ಆಮೇಲೆ ತಿಳಿಯಿತು.

ನಾಲ್ಕನೆಯ ಮೊಳೆ ನೆಲಕ್ಕೆ ಬಿತ್ತು. ಎಚ್ಚರಪ್ಪನವರು ಬಾಗಿಲು ತಳ್ಳಿದರು. ತೆರೆಯಲಿಲ್ಲ. ಮತ್ತೆ ತಳ್ಳಿದರು. ಯಾರೋ ಆ ಕಡೆಯಿಂದ ಒತ್ತಿ ಹಿಡಿದ ಹಾಗಿತ್ತು. ಅವರು ಬೆರಳ ಗೆಣ್ಣಿನಿಂದ ತಟ್ಟಿದರು.

"ಯಾರದು?" ಎಂದಿತು ಒಳಗಿನ ದನಿ.

"ನಾನು, ಅಣ್ಣ."

"ನಾನು ಅಂದ್ರೆ ಯಾರು? ನೀವು ನೀವೇ ಅಂತ ಗುರುತಿಸೋಕೆ ಇಬ್ಬರು ಸಾಕ್ಷಿ ಇದಾರಾ?"

ಎಚ್ಚರಪ್ಪನವರ ಕೈ ಬಾಗಿಲ ಮೇಲೆಯೇ ನಿಂತಿತು. ಅವರು ನಿಧಾನವಾಗಿ ತಿರುಗಿ ನನ್ನ ಕಡೆ ನೋಡಿದರು. ಅಷ್ಟು ಅಸಹಾಯಕವಾದ ಮುಖವನ್ನು ಮೂರನೆಯ ಮೇಜಿನ ಈಚೆ ಕಡೆ ನಿಂತವರಲ್ಲಿ ನಾನು ದಿನವೂ ನೋಡಿದ್ದೇನೆ, ಅವರಲ್ಲಿ ನೋಡಿರಲಿಲ್ಲ. ನಾನು ಬಾಗಿಲ ಹತ್ತಿರ ಹೋದೆ.

"ಟೈಲರಣ್ಣ, ಬರಹಗಾರ ಮಾತಾಡ್ತಿರೋದು. ಇವರನ್ನ ನಾನು ಬಲ್ಲೆ. ಇವರು ನಿಮ್ಮ ತಮ್ಮ," ಎಂದೆ. ಒಂಬತ್ತು ವರ್ಷದ ಹಿಂದೆ ಹಾಕಿದ ಒಂದು ಸಹಿಯ ಭಾರ ಅಷ್ಟು ಹೇಳುವಷ್ಟರಲ್ಲಿ ಇಳಿಯಿತು.

ಸಾಹೇಬರು ಟೈ ಸರಿಮಾಡಿಕೊಂಡು ಮುಂದೆ ಬಂದರು. "ನಾನೂ ಬಲ್ಲೆ," ಎಂದರು. "ಇವರು ಅವರೇ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು, ಅದರ ಹಿಂದೆಯೇ ಒಂದು ನಗು. ಬಾಗಿಲು ಕಿರುಗುಟ್ಟಿ ತೆರೆದುಕೊಂಡಿತು. ಟೈಲರಣ್ಣ ಕೊರಳಲ್ಲಿ ಟೇಪು, ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದರು. ಅವರು ಸುತ್ತಿಗೆಯನ್ನು ಸಾಹೇಬರ ಕೈಗೆ ಕೊಟ್ಟು, ತಮ್ಮನ ಗಲ್ಲವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದರು.

"ಎಲ್ಲಿ, ಬಾಯಿ ತೆಗಿ. ನೋಡೋಣ. ಇನ್ನೆಷ್ಟಿವೆ?"

ಎಚ್ಚರಪ್ಪನವರು ಸಾಹೇಬರ ಕಡೆ ಒಮ್ಮೆ ನೋಡಿದರು. ಪೂರ್ತಿ ಎಚ್ಚರದಲ್ಲಿದ್ದು, ಯಾರ ಬಲವಂತವೂ ಇಲ್ಲದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಮೂವತ್ತು, ಅಣ್ಣ."